ನಿಧಾನದ ಲೈನಿನವನೇ ಹೋಸ್ಟ್

ರಸೆಲ್ ಮಾರುಕಟ್ಟೆಯ ಹಿಂದೆ ಮಿಕ್ಸಿ ರಿಪೇರಿ ಮಾಡುತ್ತಿದ್ದ ಭಾಯ್ ಭಾನುವಾರ ಮಧ್ಯಾಹ್ನ ನಮ್ಮ ಆನ್‌ಲೈನ್ ಶೂಟಿಂಗ್ ಆಟಕ್ಕೆ ಹೋಸ್ಟ್ ಆಗುತ್ತಿದ್ದರು. ಎಂಟು ಜನ, ಎಂಟು ಮನೆ; ಆಟವೆಲ್ಲ ನಡೆಯುವುದು ಹೋಸ್ಟ್ ಆದವನ ನೆಟ್ ಲೈನಿನ ಮೇಲೆ. ಶುರುವಿಗೆ ಮೊದಲು ಹೆಡ್‌ಫೋನಿನಲ್ಲಿ ಅವರ ದನಿ: "ಎಲ್ಲಾರೂ ಬಂದ್ರಾ?" ಒಬ್ಬೊಬ್ಬರೂ ಬಾಯಿಬಿಟ್ಟು "ಬಂದೆ ಭಾಯ್" ಅನ್ನುವವರೆಗೆ ಆಟ ಶುರು ಮಾಡುತ್ತಿರಲಿಲ್ಲ. ಸ್ಕ್ರೂಡ್ರೈವರನ್ನು ಮೇಜಿಗೆ ಬಡಿಯುತ್ತಾ ಕಾಯುವುದು ಕೇಳಿಸುತ್ತಿತ್ತು.

ಮರ್ಫಿ ಟೌನಿನ ನಮ್ಮ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಗತಿ. ಆಟದ ನಡುವೆ ನೆಟ್ ತಡವರಿಸಿ ನಾನು ಕಲ್ಲಿನಂತೆ ನಿಂತುಬಿಡುತ್ತಿದ್ದೆ. ಪರದೆ ಮತ್ತೆ ಅಲುಗುವಷ್ಟರಲ್ಲಿ ಸತ್ತಿರುತ್ತಿದ್ದೆ. ಒಂದು ಭಾನುವಾರ ನಮ್ಮೊಡನೆ ಆಡುತ್ತಿದ್ದ ಬಾಣಸವಾಡಿಯವನು ಹೇಳಿಯೇಬಿಟ್ಟ: "ಇವನನ್ನ ತೆಗೀರಿ ಭಾಯ್. ಆಡ್ತಿದ್ದಾನೋ, ಫೋಟೋಗೆ ನಿಂತ್ಕೊಂಡಿದ್ದಾನೋ." ಎಲ್ಲರೂ ನಕ್ಕರು. ಓದಿನ ನಡುವೆ ವಾರಕ್ಕೊಮ್ಮೆ ಸಿಗುತ್ತಿದ್ದ ಗೆಳೆತನ ಅದೊಂದೇ. ಅದೂ ಹೋಯಿತು ಅಂದುಕೊಂಡೆ.

"ತಡಿ ಮಗಾ," ಅಂದರು ಭಾಯ್. "ಇವತ್ತು ಇವನೇ ಹೋಸ್ಟ್."

ಹೋಸ್ಟ್ ಆದವನಿಗೆ ಲ್ಯಾಗ್ ಇಲ್ಲ, ಆಟ ತಡವಾಗಿ ತಲುಪುವ ಕಾಟವಿಲ್ಲ. ಉಳಿದವರೆಲ್ಲ ಅವನ ಲೈನಿಗೆ ಕಾಯಬೇಕು. ಆ ದಿನ ನಾನೊಬ್ಬನೇ ಓಡಾಡಿದೆ, ಏಳು ಜನ ಕಲ್ಲಾದರು. ನಮ್ಮಲ್ಲೆಲ್ಲ ಪಳಗಿದ ಕೈ ಭಾಯ್ ಅವರದು; ಆ ದಿನದ ಆಟದಲ್ಲಿ ಮೊದಲು ಸತ್ತವರೂ ಅವರೇ.

"ನಿಂಗೆ ಯಾವಾಗ್ಲೂ ಹಿಂಗೇನಾ ಗುರು?" ಎಂದು ಬಾಣಸವಾಡಿಯವನು ನನ್ನನ್ನು ಕೇಳಿದ. ತೆಗೆಯುವ ಮಾತು ಮತ್ತೆ ಬರಲಿಲ್ಲ.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ನೆಟ್‌ವರ್ಕ್ ಪಾಠದಲ್ಲಿ ಒಳ್ಳೆಯ ಅಂಕ ತೆಗೆದವನು. ನಿಧಾನದ ಲೈನಿನವನನ್ನೇ ಹೋಸ್ಟ್ ಮಾಡಿ ಉಳಿದವರಿಗೆ ತೋರಿಸುವುದು ಆ ಪಾಠದಲ್ಲಿ ಇರಲಿಲ್ಲ. ಭಾಯ್ ಅವರ ಲೈನಂತೂ ಒಂದು ದಿನವೂ ತಡವರಿಸಿದ್ದಿಲ್ಲ. ಹಾಗಾದರೆ ಇದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಆಟ ಶುರುವಾಗುವ ಮೊದಲು ಅವರನ್ನು ಕೇಳಿದೆ.

ಸ್ಕ್ರೂಡ್ರೈವರಿನ ಸದ್ದು ನಿಂತಿತು.

"ಒಬ್ರೂ ಹಿಂದೆ ಉಳೀಬಾರ್ದು ಮಗಾ, ಅಷ್ಟೇ. ಎಲ್ಲಾರೂ ಬಂದ್ರಾ?" ಅಂದರು.