ಪಟ್ಟಿ ಇಲ್ಲದ ಅಂಗಿಗಳು

ಮೊನ್ನೆ ಮನೆಯಲ್ಲಿ ಹೊಸ ಬಟ್ಟೆ ನೀರಿಗೆ ಹಾಕಿದ್ದರು, ಹೊಲಿಯಾಕೆ ಕೊಡುವ ಮೊದಲು ಗಂಜಿ ಬಿಡಲಿ ಅಂತ. ಬಕೆಟ್ಟಿನಿಂದ ಎದ್ದ ಆ ಹಸಿ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನ್ಯಾಮತಿಯ ಹಳೇ ಪೇಟೆ ಬೀದಿಯಲ್ಲಿ ನಿಂತಿದ್ದೆ. ಎಡಕ್ಕೆ ನನ್ನ ಸೈಕಲ್ ಶಾಪು, ಬಲಕ್ಕೆ ದರ್ಜಿ ಸಾಬರ ಅಂಗಡಿ, ನಡುವೆ ಒಂದು ಬಿದಿರು ತಟ್ಟಿ…

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ಯಾವತ್ತೂ ನಾಚಿಕೊಂಡಿಲ್ಲ. ಮೀಸೆ ಮೂಡುವ ವಯಸ್ಸಿಗೆ ಸ್ವಂತ ದುಡಿಮೆಯಲ್ಲಿ ಬಾಡಿಗೆ ಸೈಕಲ್ ಇಟ್ಟಿದ್ದೆ. ಯುದ್ಧದ ಕಾಲದಲ್ಲಿ ಟೈರು ಟ್ಯೂಬು ಸಿಗದೆ ಎಲ್ಲರ ಸೈಕಲ್ಲುಗಳೂ ಮೂಲೆ ಸೇರಿದಾಗ ನನ್ನವು ಮಾತ್ರ ಓಡುತ್ತಿದ್ದವು. "ಇವನ ಸೈಕಲ್ಲು ದಾರೀಲಿ ಕೈ ಕೊಡಲ್ಲ" ಅಂತ ಹೊನ್ನಾಳಿಯವರೂ ಹೇಳುತ್ತಿದ್ದರು. ಹೇಳದಿದ್ದರೆ ನಾನೇ ಹೇಳಿಸುತ್ತಿದ್ದೆ.

ದರ್ಜಿ ಸಾಬರ ಹೆಸರು ಇದಕ್ಕೆ ಉಲ್ಟಾ. ಅವರ ಬಾಯಲ್ಲಿ ಒಂದೇ ಮಾತು: "ನಾಳೆ." ಅವರನ್ನು ನಂಬಿದ ಮದುವೆ ಗಂಡುಗಳು ಹಳೇ ಅಂಗಿಯಲ್ಲೇ ಹಸೆಮಣೆ ಏರಿದ್ದುಂಟು. ಒಂದು ಸಲ ಗಿರಾಕಿಯೊಬ್ಬ ರೇಗಿದಾಗ, ಅತ್ತೆ ತೀರಿಕೊಂಡರು, ಅದಕ್ಕೇ ತಡ ಆಯ್ತು ಅಂದರು.

"ನಿಮ್ಮತ್ತೆ ಹೋದ ವರ್ಷಾನೇ ಹೋದ್ರು ಅಂದಿದ್ರಲ್ರೀ?"

"ಅದು ಸುಳ್ಳು ಹೇಳಿದ್ದೆ ಕಣಪ್ಪಾ. ಈ ಸಲ ನಿಜ."

ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೆಮ್ಮಿದರು. ಗಿರಾಕಿಯೂ ನಕ್ಕ, ಸಾಬರೂ ನಕ್ಕರು. ಅಂಗಿ ಮಾತ್ರ ನಾಳೆಗೇ ಹೋಯಿತು. ಅವರ ಮೇಲೆ ಸಿಟ್ಟು ಮಾಡಿಕೊಂಡು ಹೋದವರನ್ನು ನಾನು ನೋಡಿಲ್ಲ.

ಆ ಯುದ್ಧದ ಕಾಲದಲ್ಲೇ ಒಂದು ವರ್ಷ ಎಲ್ಲಿಂದಲೋ ಒಬ್ಬರು ಭಾಷಣದವರು ಬಂದರು. ಊರಿಗೆಲ್ಲ ಒಂದೇ ಮಸೀದಿ. ಅದರಲ್ಲಿ ನಮಾಜಿನ ಹೊತ್ತಿಗೆ ಆಮೀನ್ ಅನ್ನುವುದನ್ನು ಗಟ್ಟಿಯಾಗಿ ಅನ್ನಬೇಕು, ಹಂಗೆ ಅನ್ನುವವರೇ ನಿಜವಾದವರು ಅಂತ ಹೇಳಿ ಹೋದರು. ಅವರ ಹಿಂದೆಯೇ ಇನ್ನೊಬ್ಬರು ಬಂದು, ಇಲ್ಲ, ಮನಸ್ಸಿನಲ್ಲೇ ಅನ್ನಬೇಕು, ಗಟ್ಟಿಯಾಗಿ ಅನ್ನುವವರು ದಾರಿ ತಪ್ಪಿದವರು ಅಂದರು. ಅಲ್ಲಿಯವರೆಗೆ ಪಕ್ಕದವನು ಹೆಂಗೆ ಅಂತಾನೆ ಅಂತ ಯಾರೂ ಕಿವಿ ಕೊಟ್ಟವರಲ್ಲ. ಈಗ ಕಿವಿ ಕೊಟ್ಟರು. ಎರಡು ಪಾರ್ಟಿ ಆಯಿತು, ಚಂದಾ ಎತ್ತಿದರು, ಆಮೇಲೆ ಬಡಿಗೆ ಬಂದವು. ಆ ಬಡಿಗೆಗೆ ಬಿದಿರು ಮಾರಿದವನು ನಮ್ಮ ಸೋದರಮಾವನೇ. ಮಾರಿ, ತಮಾಷೆ ನೋಡಾಕೆ ಕಾಯುತ್ತಿದ್ದ.

ರಮಜಾನ್ ಹಬ್ಬದ ಬೆಳಗ್ಗೆ ಈದ್ಗಾದಲ್ಲಿ ಯಾರ ಕಡೆಯವರು ನಮಾಜು ಮಾಡಿಸಬೇಕು ಅನ್ನುವಲ್ಲಿಗೆ ಜಗಳ ಬಂದು ನಿಂತಿತು. ಗಟ್ಟಿ ಪಾರ್ಟಿಗೆ ಮುಂದಾಳು ಸಾಬರ ಸ್ವಂತ ತಮ್ಮ. ಮೆಲ್ಲಗಿನ ಪಾರ್ಟಿಗೆ ಸಾಬರ ಅಳಿಯ. ಮಗಳು ತುಂಬು ಬಸುರಿ, ಬಾಣಂತನಕ್ಕೆ ಅಪ್ಪನ ಮನೆಗೆ ಬಂದಿದ್ದಳು. ಯಾರ ತಲೆ ಒಡೆದರೂ ಅದು ಸಾಬರ ಮನೆಯ ತಲೆ.

ತಮ್ಮ ಚನ್ನಗಿರಿಯಿಂದ ಜನ ಕರೆಸಿದ, ಅಳಿಯ ಜಗಳೂರಿನಿಂದ. ಬರುವವರಿಗೂ ಸೇರಿಸಿ ಹೊಸ ಅಂಗಿ ಹೊಲಿಸುತ್ತೇವೆ ಅಂತ ಇಬ್ಬರೂ ಬಂದದ್ದು ಇದೇ ದರ್ಜಿ ಹತ್ತಿರ. ಬಟ್ಟೆಗೆ ಕಂಟ್ರೋಲು ಇದ್ದ ಕಾಲ. ಡಿಪೋದಲ್ಲಿ ಇದ್ದದ್ದು ಒಂದೇ ನಮೂನೆ ಬಿಳಿ ಬಟ್ಟೆ. ಪರಊರಿನವರಿಗೆ ಗುರುತು ಸಿಗಬೇಕಲ್ಲ, ಅದಕ್ಕೆ ಹೆಗಲಿಗೊಂದು ಪಟ್ಟಿ: ತಮ್ಮನ ಕಡೆಗೆ ಹಸಿರು, ಅಳಿಯನ ಕಡೆಗೆ ನೀಲಿ.

"ಹೊಡೆದಾಡಾಕೂ ಯೂನಿಫಾರಂ ಬೇಕೇನ್ರಲೇ?" ಅಂತ ಸಾಬರು ನಗಾಡಿದರು. ಇಬ್ಬರೂ ನಗಲಿಲ್ಲ.

ಹಬ್ಬದ ಹಿಂದಿನ ಮಧ್ಯಾಹ್ನ ಸಾಬರು ತಟ್ಟಿಯಾಚೆಯಿಂದ ಕರೆದರು. "ಏ ಸೈಕಲ್ಲಾ, ಬಾ ಇಲ್ಲಿ." ಹೋಗಿ ನೋಡುತ್ತೇನೆ, ಅಂಗಿಗಳೆಲ್ಲ ತಯಾರು! ಅವರ ಜೀವಮಾನದಲ್ಲೇ ಮೊದಲ ಸಲ. ಹಸಿರು ನೀಲಿ ಪಟ್ಟಿಗಳ ಗಂಟನ್ನು ನನ್ನ ಕೈಗೆ ಕೊಟ್ಟರು.

"ಇವಕ್ಕೆ ಗುಂಡಿ ತೂರಿಸಾಕೆ ಕಾಜಾ ಹಾಕಬೇಕು. ಹೊನ್ನಾಳಿಗೆ ಹೋಗಿ ಹಾಕಿಸ್ಕಂಡು ಬಾ."

"ಕತ್ತಲಾಗೋದ್ರೊಳಗೆ ತಂದ್ಬಿಡ್ತೀನಿ ಬಿಡ್ರಿ."

"ತರಬ್ಯಾಡ. ನಾಳೆ ನಮಾಜಿನ ಹೊತ್ತಿಗೆ ಬಾ. ಸೈಕಲ್ಲು ಪಂಕ್ಚರ್ ಆಗಿರ್ಲಿ."

ನನಗೆ ಉರಿದುಹೋಯಿತು. "ನನ್ನ ಸೈಕಲ್ಲು ಪಂಕ್ಚರ್ ಆಗಲ್ಲ ಸಾಬ್ರೆ. ನಿಮ್ಮ ಮಷೀನೇ ಕೆಟ್ಟೈತೆ ಅನ್ರಿ."

"ನನ್ನ ಮಾತು ಯಾರು ನಂಬ್ತಾರೋ? ನಾನು ನಾಳೆ ಅಂದ್ರೆ ಪಟ್ಟಿ ಕಿತ್ಕಂಡು ಹೋಗಿ ತಾವೇ ಹೊಲ್ಕಂತಾರೆ. ನಿನ್ನ ಸೈಕಲ್ ಮೇಲೆ ಹೋಗೈತೆ ಅಂದ್ರೆ, ಬಂದೇ ಬರ್ತೈತೆ ಅಂತ ಕಾಯ್ತಾರೆ." ಆಮೇಲೆ ದನಿ ತಗ್ಗಿಸಿದರು. "ಒಳಗೆ ನನ್ನ ಮಗಳು ಅದಾಳೆ. ನಾಳೆ ಆಕೆ ಗಂಡಂಗೆ ಅಳಬೇಕೋ, ಚಿಕ್ಕಪ್ಪಂಗೆ ಅಳಬೇಕೋ, ನೀನೇ ಹೇಳು."

ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟೆ.

ಮರುದಿನ ಬೆಳಗ್ಗೆ ಊರು ಕಾಣುತ್ತಲೇ ಇಳಿದು ನನ್ನ ಕೈಯಾರೆ ಗಾಳಿ ಬಿಟ್ಟೆ. ಅಷ್ಟು ಕಷ್ಟದ ಕೆಲಸ ನಾನು ಎಂದೂ ಮಾಡಿದವನಲ್ಲ. ಈದ್ಗಾ ಬಯಲಿಗೆ ಸೈಕಲ್ಲು ತಳ್ಳಿಕೊಂಡು ಹೋದರೆ, ಸಾಲು ನಿಲ್ಲುವ ಹೊತ್ತು. ಸಾಬರು ಎಲ್ಲರಿಗೂ ಕೇಳುವಂತೆ ಎದೆ ಬಡಿದುಕೊಂಡರು. "ನಿನ್ನ ಡಬ್ಬಾ ಸೈಕಲ್ ನಂಬಿ ಮರ್ಯಾದೆ ಕಳ್ಕಂಡೆನಲ್ಲೋ!" ಡಬ್ಬಾ! ಈ ಮಾತು ಒಪ್ಪಂದದಲ್ಲಿ ಇರಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತೆ.

ಪಟ್ಟಿ ಹಾಕಾಕೆ ಹೊತ್ತೆಲ್ಲಿತ್ತು? ಸಾಬರ ತಮ್ಮ ಹಿಂದೆ ತಿರುಗಿ ನೋಡಿದ, ಅಳಿಯನೂ ನೋಡಿದ. ಬಯಲೆಲ್ಲ ಒಂದೇ ಬಿಳಿ. ತಮ್ಮವರು ಎಲ್ಲಿದ್ದಾರೆ, ಎಷ್ಟಿದ್ದಾರೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅವರು ನೋಡುತ್ತಿರುವಾಗಲೇ, ಪ್ರತಿ ವರ್ಷ ನಮಾಜು ಮಾಡಿಸುತ್ತಿದ್ದ ಮುದುಕರು ಮುಂದೆ ಹೋಗಿ ನಿಂತುಬಿಟ್ಟರು. ಕೆಲವರು ಗಟ್ಟಿಯಾಗಿ, ಕೆಲವರು ಮೆಲ್ಲಗೆ, ನಮಾಜು ಮುಗಿಯಿತು.

ಆಮೇಲಿನದು ನಿಜವಾದ ಗಂಡಾಂತರ. ಬಡಿಗೆಗಳು ನಾನು ನಿಂತಿದ್ದ ಗೋಡೆಗೇ ಒರಗಿದ್ದವು. ಚನ್ನಗಿರಿಯ ದಾಂಡಿಗನೊಬ್ಬ ಬಂದು ಒಂದನ್ನು ಎತ್ತಿಕೊಂಡ. ಪಕ್ಕದಲ್ಲಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದವನು ಜಗಳೂರಿನವನು.

"ಭಾಯ್, ಯಾರನ್ನ ಹೊಡೀಬೇಕು?"

"ನಂಗೂ ತಿಳೀವಲ್ದು. ಹಸಿರು ಪಟ್ಟಿಯೋರು ಅಂದಿದ್ರು."

"ನಮಗೆ ನೀಲಿ ಪಟ್ಟಿಯೋರು ಅಂದಿದ್ರಲ್ಲ…"

ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ನೋಡಿಕೊಂಡರು.

"ಹಂಗಾರೆ ನಾನು ಹೊಡೀಬೇಕಾಗಿದ್ದು ನಿನ್ನನ್ನೇನಾ?" ಅಂದ ಚನ್ನಗಿರಿಯವನು.

"ಇರ್ಬೌದು ಮಾರಾಯ. ನಿಂಗೂ ಅಂಗಿ ಬಗಲಲ್ಲಿ ಬಿಗಿಯಾಗೈತಾ?"

"ಕೈ ಎತ್ತಾಕೇ ಆಗವಲ್ದು!"

ಚನ್ನಗಿರಿಯವನಿಗೆ ನಗು ತಡೆಯಲಾಗಲಿಲ್ಲ. ಹಬ್ಬದ ದಿನ, ಎದುರಿಗೆ ಮನುಷ್ಯ ನಗುತ್ತಾ ನಿಂತಿದ್ದಾನೆ, ಅಪ್ಪಿಕೊಳ್ಳದೆ ಏನು ಮಾಡುತ್ತಾನೆ? ಅಪ್ಪಿಕೊಂಡರು. ಪರ್ ಅಂತ ಹೊಲಿಗೆ ಬಿಟ್ಟುಕೊಂಡ ಸದ್ದಿಗೆ ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ಗದ್ದಲದಲ್ಲೇ ಸಾಬರು ತಮ್ಮನ ಕತ್ತಿಗೊಂದು ಕೈ, ಅಳಿಯನ ಕತ್ತಿಗೊಂದು ಕೈ ಹಾಕಿ, ಎರಡು ಮೊಂಡು ಹೋರಿಗಳನ್ನು ನೊಗಕ್ಕೆ ತರುವಂತೆ ಎಳೆದು ಎದೆಗೆ ಎದೆ ಕೂಡಿಸಿದರು. ಬಿಡಿಸಿಕೊಳ್ಳಾಕೆ ನೋಡಿದರು. ಸಾಬರು ಬಿಡಲಿಲ್ಲ. ಕೊನೆಗೆ ಅಳಿಯನೇ ಮೊದಲು ನಕ್ಕ.

ಸಾಬರ ಮನೆ ಅಂಗಳದಲ್ಲಿ ಅವತ್ತು ಶಾವಿಗೆ, ಹಾಲು, ಖರ್ಜೂರದ ಸುರಕುಂಬ ಕುಡಿದವರಲ್ಲಿ ಯಾರು ಯಾವ ಪಾರ್ಟಿ ಅಂತ ಸುರಿಯುವವರಿಗೂ ಗೊತ್ತಿರಲಿಲ್ಲ. ನಮ್ಮ ಸೋದರಮಾವನೂ ನಾಚಿಕೆಯಿಲ್ಲದೆ ಕುಡಿದ. ಅದೇ ವಾರ ಮಗಳು ಹೆತ್ತಳು. ಗಂಡು ಕೂಸು. ಅದಕ್ಕೆ ಹೊಲಿದ ಜುಬ್ಬ ಮಾತ್ರ ಸಾಬರು ಅವತ್ತೇ ತೊಡಿಸಿದರು.

ದೇಶ ಎರಡಾದಾಗ ಸಾಬರ ತಮ್ಮ ಆ ಕಡೆಗೆ ಹೋದ. ಅಲ್ಲಿ ಎಲ್ಲರೂ ನಮ್ಮವರೇ, ಇನ್ನು ಜಗಳ ಎಲ್ಲಿಂದ ಬರ್ತೈತೆ ಅಂತ ಹೇಳಿ ಹೋದ. ಆದರೆ ಯಾರು ನಿಜವಾದವರು ಅನ್ನುವ ಮಾತೂ ಹೋದವರ ಜೊತೆಗೇ ಗಡಿ ದಾಟಿತ್ತು ಅಂತ ಕಾಣುತ್ತದೆ. ಭಾಷಣ, ಚಂದಾ, ಗುರುತಿನ ಪಟ್ಟಿ ಎಲ್ಲ ಅಲ್ಲೂ ಅದೇ ಕ್ರಮದಲ್ಲಿ ಬಂದವು. ಬಡಿಗೆಯ ಜಾಗಕ್ಕೆ ಬಂದೂಕು ಬಂತು, ಅಷ್ಟೇ ಫರಕು. ಬಹಳ ವರ್ಷದ ಮೇಲೆ, ತಲೆ ಪೂರಾ ಬೆಳ್ಳಗಾದ ಮೇಲೆ, ಯಾವ ಪಾರ್ಟಿಯ ಗೊಡವೆಯೂ ಇಲ್ಲದೆ ಮಸೀದಿಯಲ್ಲಿ ಸಾಲಿನಲ್ಲಿ ನಿಂತಿದ್ದ ಅವನನ್ನು ಇನ್ನೊಂದು ಪಂಗಡದವರು ಗುಂಡು ಹಾರಿಸಿ ಕೊಂದರು. ಅವರೂ ನಮಾಜು ಮಾಡುವವರೇ…

ಆ ಸುದ್ದಿ ನನಗೆ ತಂದವನು ಅಳಿಯ. ಅವನೂ ಮುದುಕನಾಗಿದ್ದ. ನನ್ನ ಶಾಪಿನ ಹಲಗೆಯ ಮೇಲೆ ಕೂತ. "ನಾನು ಅವಂಗೆ ಒಂದೇಟೂ ಹೊಡೀಲಿಲ್ಲ ಕಣಪ್ಪಾ" ಅಂದ. ಎದ್ದು ಹೊರಡುವಾಗ ಅದನ್ನೇ ಮತ್ತೆ ಅಂದ.

ಈಗ ಅಳಿಯನೂ ಇಲ್ಲ. ಆ ಹಬ್ಬವನ್ನು ನೆನೆಸಿಕೊಂಡು ಜೊತೆಗೆ ನಗಾಕೆ ಊರಲ್ಲಿ ನನಗೆ ಯಾರೂ ಉಳಿದಿಲ್ಲ. ಒಂದು ಸಮಾಧಾನ ಅಂದರೆ, ಆ ಸುದ್ದಿ ಬರುವುದಕ್ಕೆ ಎಷ್ಟೋ ಮೊದಲೇ ದರ್ಜಿ ಸಾಬರು ಕಣ್ಣು ಮುಚ್ಚಿದ್ದರು. ತಮ್ಮನನ್ನು ಉಳಿಸಿಕೊಂಡೆ ಅಂತಲೇ ತಿಳಿದು ಹೋದರು.