ಕಂಬಕ್ಕೆ ಮೊದಲ ಬಣ್ಣ

ಚಿಂತಾಮಣಿಯಿಂದ ಹೊರಟ ಬಸ್ಸು ನನ್ನನ್ನು ಕೆಂಚಾರ್ಲಹಳ್ಳಿಯಲ್ಲಿ ಇಳಿಸಿ ಹೋದಾಗ ಸುಡು ಮಧ್ಯಾಹ್ನ. ಅಂಗಡಿಯ ನೆರಳಿನಲ್ಲಿ ಬಿತ್ತನೆಯ ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ ನೋಡಿದರು. ಮಡಿಲಲ್ಲಿದ್ದ ಮೊರ ಜಾರಿ ಬೀಜವೆಲ್ಲ ಮಣ್ಣುಪಾಲಾಯಿತು. ಅದನ್ನು ಲೆಕ್ಕಿಸದೆ ಎರಡೂ ಕೈ ಜೋಡಿಸಿ, "ಮಳ್ಳೀ ವಚ್ಚಿನಾವಾ ತಲ್ಲೀ?" ಎಂದರು. ತೆಲುಗು ಬಾರದ ನಾನು ಪೆದ್ದುಪೆದ್ದಾಗಿ ನಕ್ಕು ತಲೆಯಾಡಿಸಿದೆ. ಅರ್ಥ ಗೊತ್ತಾದದ್ದು ಸಂಜೆ, ಶಾಲೆಯಲ್ಲಿ ಕೇಳಿದಾಗ: ‘ಮತ್ತೆ ಬಂದೆಯಾ ತಾಯಿ?’ ಆ ಊರಿಗೆ ನಾನು ಅದಕ್ಕೆ ಮೊದಲು ಕಾಲಿಟ್ಟವಳೇ ಅಲ್ಲ.

ನಮ್ಮ ಹಳಿಯಾಳದ ಕಡೆಯವರಿಗೆ ನಾನು ಯಾರೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದರಂತೆ. ಅವರು ತಪ್ಪಿಸಿಕೊಂಡು ಕಾಡು ಸೇರಿದರಂತೆ. ನಮಗೆ ಉಳಿದದ್ದು ಗುಂಗುರು ಕೂದಲು, ಕಪ್ಪು ಮೈಬಣ್ಣ, ದಮಾಮಿ ಎಂಬ ಡೋಲು. ಹುಬ್ಬಳ್ಳಿಯಲ್ಲಿ ನನ್ನನ್ನು ಯಾವ ದೇಶದವಳು ಎಂದು ಕೇಳುತ್ತಾರೆ, ಬೆಂಗಳೂರಿನಲ್ಲಿ ಕೇಳದೆಯೇ ಇಂಗ್ಲಿಷಿನಲ್ಲಿ ಶುರುಮಾಡುತ್ತಾರೆ. ನಾಟಕದ ಟೀಚರ್ ಕೆಲಸದ ಆದೇಶ ಹಿಡಿದು ಹೊರಟಾಗ ಆ ಪ್ರಶ್ನೆಗೆಂದು ನಾಲ್ಕು ಬಗೆಯ ಖಾರದ ಉತ್ತರ ಕಟ್ಟಿಕೊಂಡಿದ್ದೆ. ಇಲ್ಲಿ ಒಂದೂ ಬೇಕಾಗಲಿಲ್ಲ. ಮಕ್ಕಳು ದಿಟ್ಟಿಸುತ್ತಿದ್ದರು, ಅದು ನನಗೆ ಹೊಸದಲ್ಲ. ವಯಸ್ಸಾದವರು ಮಾತ್ರ ಪರಿಚಯದವಳನ್ನು ಕಂಡವರಂತೆ ಒಮ್ಮೆ ನೋಡಿ, ದಾರಿ ಬಿಟ್ಟು ಸರಿದು ನಿಲ್ಲುತ್ತಿದ್ದರು. ಅಪರಿಚಿತಳೆಂದು ನೋಡುವ ಕಣ್ಣಿಗೆ ನಾನು ಹೆದರಿದವಳಲ್ಲ. ಈ ನೋಟಕ್ಕೆ ಹೆದರಿದೆ.

ಮನೆ ಕೊಟ್ಟವರು ನಾರಾಯಣಮ್ಮ, ರೇಷ್ಮೆಹುಳು ಸಾಕುವ ಗಟ್ಟಿಗಿತ್ತಿ. ಬೆಂಗಳೂರಿನವರಂತೆ ಜಾತಿ, ಊಟ, ಮದುವೆ ಒಂದನ್ನೂ ವಿಚಾರಿಸಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ನನ್ನ ಪಾದಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಲೋಟ ನೀರು ಕೊಟ್ಟು, ಕುಡಿದು ಮುಗಿಸುವವರೆಗೂ ಕಣ್ಣು ಕೀಳಲಿಲ್ಲ. "ಸರಿ, ಇರಮ್ಮ," ಎಂದರು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ, ಅದು ನೀರು ಕುಡಿಯಲಾರದು ಎಂಬುದು ನೆನಪಾದದ್ದು ಒಳಗೆ ಹೋಗಿ ಚಾಪೆ ಹಾಸಿದ ಮೇಲೆ. ನನ್ನ ಪಾದ ನೆಟ್ಟಗಿದ್ದದ್ದರಿಂದ ಮನೆ ಸಿಕ್ಕಿತು.

ಮೊದಲ ವಾರವೇ ಮುದ್ದೆಯನ್ನು ಅಗಿದು ನಗೆಪಾಟಲಾದೆ. "ನುಂಗಬೇಕು ಕಣಮ್ಮ, ಅಗಿದ್ರೆ ಹಲ್ಲಿಗೆ ಮೆತ್ಕೊಳ್ಳುತ್ತೆ," ಎಂದು ನಾರಾಯಣಮ್ಮ ತಾವೇ ತುತ್ತು ಮುರಿದು, ಸಾರಿನಲ್ಲಿ ಅದ್ದಿ ತೋರಿಸಿದರು. ಅನ್ನ, ಗಂಜಿಯಲ್ಲಿ ಬೆಳೆದ ನನ್ನ ಗಂಟಲಿಗೆ ಅದು ಇಳಿಯಲು ತಿಂಗಳು ಹಿಡಿಯಿತು. ಇಳಿದ ದಿನ ಅವ್ವನಿಗೆ ಫೋನು ಮಾಡಿ ಹೇಳಿದೆ.

ಇನ್ನೊಂದು ಮಧ್ಯಾಹ್ನ ಒಳಗೆ ಕೂತಿದ್ದಾಗ ಧೋ ಎಂದು ಮಳೆ ಹಿಡಿದ ಸದ್ದು. ನಮ್ಮ ಕಾಡಿನ ಮಳೆಯದೇ ಸದ್ದು. ಒಗೆದ ಬಟ್ಟೆ ಎಳೆದುಕೊಳ್ಳಲು ಹೊರಗೆ ಓಡಿದರೆ ಕಣ್ಣು ಕುಕ್ಕುವ ಬಿಸಿಲು, ಒಂದು ಹನಿಯೂ ಇಲ್ಲ. ಸದ್ದು ಮಾತ್ರ ನಿಲ್ಲಲೇ ಇಲ್ಲ. ಅದು ಬರುತ್ತಿದ್ದದ್ದು ಪಕ್ಕದ ಹುಳದ ಮನೆಯಿಂದ: ಗೂಡು ಕಟ್ಟಲು ಹಣ್ಣಾಗುವ ಮುಂಚಿನ ಹಸಿವಿನಲ್ಲಿ ಸಾವಿರಾರು ಹುಳು ಒಟ್ಟಿಗೆ ಹಿಪ್ಪುನೇರಳೆ ಎಲೆ ಮೇಯುತ್ತಿದ್ದವು. ನೋಡಲು ಹೋದರೆ ನಾರಾಯಣಮ್ಮ ಹೊಸ್ತಿಲಿನ ಸುಣ್ಣದ ಪುಡಿಯ ಆಚೆಯೇ ತಡೆದರು. "ಹೊರಗಿನೋರು ಬರಂಗಿಲ್ಲ, ಬೇಜಾರ್ ಮಾಡ್ಕೋಬೇಡ." ಹುಳುವಿಗೆ ರೋಗ ತಗಲಬಾರದೆಂದು ಎಲ್ಲರಿಗೂ ಇರುವ ಕಟ್ಟಳೆ ಅದು. ಆದರೂ ಬೇಜಾರಾಯಿತು. ಆ ಸುಳ್ಳು ಮಳೆ ಕೇಳುತ್ತಾ ಕೂತಾಗೆಲ್ಲ ಊರು ನೆನಪಾಗಿ ಅಳು ಬರುತ್ತಿತ್ತು.

ಹೊರಡುವಾಗ ಅವ್ವ ಹೇಳಿದ್ದ ಮಾತೂ ಆಗಲೇ ಒತ್ತಿ ಬರುತ್ತಿತ್ತು. ಅವಳ ತಂಗಿ ಪಾರ್ವತಿ, ನಾನು ನೋಡದ ಸಣ್ಣವ್ವ, ನಾನು ಹುಟ್ಟುವ ಮೊದಲೇ ಒಂದು ನಾಟಕ ಕಂಪನಿ ಸೇರಿ ಊರು ಬಿಟ್ಟಿದ್ದಳು. ತೆಲುಗು ಮಾತಾಡುವ ಸೀಮೆಯಲ್ಲಿದ್ದೇವೆಂದು ಒಂದು ಕಾಗದ ಬಂದದ್ದೇ ಕೊನೆ. ನಮ್ಮ ಮನೆಯ ಮೂಲೆಯಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿ ತೆಂಗಿನಕಾಯಿ ಇಟ್ಟು ಪೂಜಿಸುತ್ತೇವೆ, ಪ್ರತಿ ದಸರೆಗೆ ಹೊಸ ಕಾಯಿ. ಪಾರ್ವತಿಗೆ ಮಾತ್ರ ಕಾಯಿ ಇಲ್ಲ. ಇಟ್ಟರೆ, ಬದುಕಿರುವವಳನ್ನು ಕೊಂದ ಹಾಗೆ. ಇಡದಿದ್ದರೆ, ಸತ್ತವಳು ದಿಕ್ಕಿಲ್ಲದೆ ಅಲೆಯುತ್ತಾಳೆ. "ಹ್ವಾದಲ್ಲೆ ಕೇಳ ಮಗಳ. ಅದಾಳೋ ಇಲ್ಲೋ, ಅಷ್ಟ ತಿಳಿದ್ರ ಸಾಕು," ಎಂದಿದ್ದಳು ಅವ್ವ. ಅಜ್ಜಿ ಕೈಮುಗಿದ ದಿನದಿಂದ ನನಗೆ ಅನುಮಾನವಿತ್ತು. ಕೇಳಲು ಧೈರ್ಯವಿರಲಿಲ್ಲ.

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಊರವರು ನಾಟಕವಾಡಲು ನಿಂತರು. ಈ ಸೀಮೆಯಲ್ಲಿ ರೈತ, ಡ್ರೈವರು, ಗುಮಾಸ್ತ ಯಾರನ್ನು ಮುಟ್ಟಿದರೂ ಒಂದು ಪಾರ್ಟು ಬಾಯಿಪಾಠ. ಟೀಚರಮ್ಮನೂ ಇರಲಿ ಎಂದು ನನ್ನನ್ನೂ ಕರೆದರು. ಸಂಜೆ ಐದಕ್ಕೆ ರಂಗದ ಹಿಂದಿನ ತಗಡಿನ ಕೋಣೆಗೆ ಹೋದೆ. ಬಣ್ಣ ಹಚ್ಚುವವರು ವೆಂಕಟರವಣಪ್ಪ, ಎಪ್ಪತ್ತು ದಾಟಿದವರು. ನನ್ನನ್ನು ಕಂಡು ಕೈಮುಗಿಯಲಿಲ್ಲ, ಸರಿಯಲೂ ಇಲ್ಲ. "ಬಾಮ್ಮ, ನಿನಗೇ ಕಾಯ್ತಿದ್ದೆ," ಎಂದರು.

ಅಲ್ಲಿ ಕಂಡದ್ದನ್ನು ಹಾಗೆಯೇ ಬರೆಯುತ್ತೇನೆ. ಮೊದಲು ಒಂದು ಕೊಡ ನೀರು ಬಂತು. ಒಂದೇ ಚೊಂಬು. ರಾಜನ ಪಾರ್ಟಿನ ಗೌಡರು ಕುಡಿದರು, ಅದೇ ಚೊಂಬಿನಲ್ಲಿ ಸೇವಕನ ಪಾರ್ಟಿನವರು ಕುಡಿದರು, ಕೇರಿಯಿಂದ ಬಂದ ರಾಣಿ ಕುಡಿದಳು. ಆಮೇಲೆ ವೆಂಕಟರವಣಪ್ಪ ಬಣ್ಣ ಕಲಸಿ, ಮೊದಲ ಬೊಟ್ಟನ್ನು ಯಾರ ಮುಖಕ್ಕೂ ಇಡದೆ ಮೂಲೆಯ ಮರದ ಕಂಬಕ್ಕೆ ಇಟ್ಟರು. ಆಳೆತ್ತರದಲ್ಲಿ ಆ ಕಂಬದ ಮೇಲೆ ವರ್ಷಗಳ ಬಣ್ಣ ಪದರಗಟ್ಟಿ ಉಬ್ಬಿತ್ತು. ಮಬ್ಬು ಬೆಳಕಿನಲ್ಲಿ ಅದೊಂದು ಹಣೆಯಂತೆ ಕಂಡಿತು. ರಾಕ್ಷಸನ ಪಾರ್ಟಿನವನಿಗೆ ಹಸಿರು ಬಳಿದರು. ಮೀಸೆಗೆ, ಹುಬ್ಬಿಗೆ ಬಿಟ್ಟರೆ ಕಪ್ಪು ಮುಟ್ಟಲಿಲ್ಲ.

"ರಾಕ್ಷಸನಿಗೆ ಕಪ್ಪು ಹಚ್ಚಲ್ವಾ?" ಎಂದೆ.

"ಈ ಊರಲ್ಲಿ ಹಚ್ಚಂಗಿಲ್ಲ. ಹಿಂದೆ ಒಬ್ಬ ಹಚ್ಕೊಂಡ, ಪರದೆ ಎತ್ತಿದ್ ತಕ್ಷಣ ಕಂಠ ಬಿದ್ದೋಯ್ತು. ಈ ಕಂಬದಲ್ಲಿರೋ ಬಣ್ಣದಮ್ಮ ಬಿಡಲ್ಲ."

ಅಷ್ಟರಲ್ಲಿ ಪಾತ್ರಧಾರಿಗಳೆಲ್ಲ ಕಂಬದ ಕಡೆ ತಿರುಗಿ ಹಾಡಲು ತೊಡಗಿದರು. ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಮಾತು ಸವೆದು ಬರೀ ಸದ್ದಾಗಿತ್ತು, ಅವರಿಗೇ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಭತ್ತ ಕುಟ್ಟುವಾಗ ಅವ್ವ ಹಾಡುವ ಹಾಡು ಅದು, ನಮ್ಮ ಸಿದ್ದಿಗಳ ಮನೆಮಾತಿನದು. ನಾಲ್ಕು ಸಾಲಿಗೆ ಅವರು ನಿಲ್ಲಿಸಿದರು. ಐದನೆಯದು ನನ್ನ ಬಾಯಿಂದ ತಾನಾಗಿ ಹೊರಟಿತು. ಹಾರ್ಮೋನಿಯಂ ನಿಂತಿತು. ರಾಜ, ರಾಣಿ, ಹಸಿರು ರಾಕ್ಷಸ ಎಲ್ಲರೂ ಅರ್ಧ ಬಣ್ಣದ ಮುಖಗಳಲ್ಲಿ ನನ್ನನ್ನೇ ನೋಡುತ್ತಾ ಗೋಡೆಗೆ ಒತ್ತಿ ನಿಂತರು.

"ಬಣ್ಣದಮ್ಮನ ಹೆಸರು ಪಾರ್ವತಿಯಾ?" ಎಂದು ಕೇಳಿದೆ.

ವೆಂಕಟರವಣಪ್ಪ ಕುಂಚವನ್ನು ಕೆಳಗಿಟ್ಟರು. "ಹೆಸರಿಡಿದ್ ಕರೆದ್ರೆ ಬಂದ್ಬಿಡ್ತಾರೆ ಅಂತ ಯಾರೂ ಹೇಳಲ್ಲ ಕಣಮ್ಮ. ಹೂಂ. ಪಾರ್ವತಮ್ಮ."

ಅವರು ಹೇಳಿದ ಕಥೆ ಇದು: ಕಂಪನಿಯವರು ಅವಳಿಗೆ ಯಾವಾಗಲೂ ರಾಕ್ಷಸಿಯ ಪಾರ್ಟೇ ಕೊಡುತ್ತಿದ್ದರು. ಸಾಲದೆಂದು ಕಪ್ಪು ಮುಖಕ್ಕೆ ಇನ್ನಷ್ಟು ಕಪ್ಪು ಬಳಿಯುತ್ತಿದ್ದರು. ಇದೇ ಊರಿನಲ್ಲಿ ಡೇರೆ ಹಾಕಿದ್ದಾಗ ಒಂದು ದಿನ ಅವಳು ಬಣ್ಣ ಒರೆಸಿಕೊಂಡು ಆಗ ಡೇರೆಗೆ ನೆಟ್ಟಿದ್ದ ಇದೇ ಕಂಬಕ್ಕೆ ಒರಗಿ ಕೂತಳಂತೆ. ಇದು ನನ್ನ ಮೈಬಣ್ಣ, ರಾಕ್ಷಸರಿಗೆ ಬೇರೆ ಬಣ್ಣ ಹುಡುಕಿಕೊಳ್ಳಿ ಎಂದಳಂತೆ. ಕಂಪನಿ ಅವಳನ್ನು ಬಿಟ್ಟು ಹೊರಟಿತು. ಅವಳು ಇಲ್ಲೇ ಉಳಿದು ಊರವರಿಗೆ ನಾಟಕ ಕಲಿಸಿದಳು. ಕಂಠ ನೋಡಿ ಪಾರ್ಟು ಕೊಡುತ್ತಿದ್ದಳು, ಜಾತಿ, ಬಣ್ಣ ನೋಡಿ ಅಲ್ಲ. ಒಂದೇ ಕೊಡದ ನೀರು ಕುಡಿಯದವರಿಗೆ ಬಣ್ಣ ಇಲ್ಲವೆಂದಳು. ಮೂರು ವರ್ಷ ಜಗಳವಾಡಿದ ಊರು ಕೊನೆಗೆ ಕುಡಿಯಿತು.

"ಕಾಗದ ಬರೆಸಮ್ಮ ಅಂದ್ರೆ, ರಾಣಿ ಪಾರ್ಟ್ ಮಾಡಿದ್ಮೇಲೆ ಬರೀತೀನಿ ಅನ್ನೋರು. ಒಂದೇ ಒಂದ್ ಸಲ ರಾಣಿ ಆದ್ರು. ಎಂಟು ದಿನಕ್ಕೆ ಜ್ವರ ಬಂದು ಹೋಗ್ಬಿಟ್ರು. ಯಾವ್ ಊರು ಅಂತ ಹೇಳಿರಲಿಲ್ಲ, ಕಾಡು ಅಂತಿದ್ರು ಅಷ್ಟೇ. ಕೆರೆ ಏರಿ ಕೆಳಗೆ ಮಣ್ಣು ಮಾಡಿದ್ವಿ."

ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ರಾಕ್ಷಸಿಯಾಗಲಾರೆ ಎಂದು ಕಂಪನಿಯ ಅನ್ನ ಬಿಟ್ಟವಳನ್ನು ಇವರು ಕಂಠ ಕೀಳುವ ದೆವ್ವ ಮಾಡಿ ಕಂಬಕ್ಕೆ ಕಟ್ಟಿದ್ದಾರೆ!

"ಅವಳು ಹೇಳಿದ್ದು ಸರಿ ಅಂತ ನೀರು ಕುಡೀತೀರಾ, ಹೆದರಿ ಕುಡೀತೀರಾ?" ಎಂದು ಜೋರಾಗಿಯೇ ಕೇಳಿದೆ.

ವೆಂಕಟರವಣಪ್ಪ ಚೊಂಬಿನ ಕಡೆ ಕೈ ತೋರಿಸಿದರು. "ನಾನು ಸರಿ ಅಂತ. ಇವರಲ್ಲಿ ಅರ್ಧ ಜನ ಹೆದರಿ. ಹೆದರಿಕೆ ಇಲ್ದಿದ್ರೆ ಆ ಚೊಂಬು ಯಾವತ್ತೋ ಎರಡಾಗಿರೋದು ಕಣಮ್ಮ." ಚೊಂಬು ಎತ್ತಿ ನಾನೂ ಕುಡಿದೆ. ಅವರು ಕುಂಚ ಅದ್ದಿ ನನ್ನ ಹಣೆಗೆ ಬಣ್ಣವಿಟ್ಟರು.

ಸುದ್ದಿ ಕೇಳಿದ ಅವ್ವ ಫೋನಿನಲ್ಲಿ ಅಳಲಿಲ್ಲ. "ಆ ಮಣ್ಣಾಗಿನ ಒಂದು ಕಾಯಿ ತಗೊಂಡ್ ಬಾ," ಎಂದಳು. ದಸರೆಗೆ ಹೊರಟಾಗ ನಾರಾಯಣಮ್ಮ ತಮ್ಮ ತೋಟದ ಮರದಿಂದ ಕಾಯಿ ಕೀಳಿಸಿ ಕೊಟ್ಟರು. ವೆಂಕಟರವಣಪ್ಪ ಬಸ್ಸಿನವರೆಗೂ ಬಂದರು. "ಅವರ್ನ ಪೂರ್ತಿ ಕರ್ಕೊಂಡ್ ಹೋಗ್ಬೇಡಮ್ಮ," ಎಂದು ಕಾಯಿಯನ್ನು ಮುಟ್ಟಿ ಹೇಳಿದರು.

ಹಳಿಯಾಳದ ಮನೆಯ ಮೂಲೆಯಲ್ಲಿ ಅವ್ವ ಅದನ್ನು ಇಟ್ಟು, ನಲವತ್ತು ವರ್ಷದ ಮೇಲೆ ತಂಗಿಯನ್ನು ಹೆಸರು ಹಿಡಿದು ಕರೆದಳು. ದಮಾಮಿ ಬಾರಿಸಿದೆವು. ನನಗೆ ನಿರಾಳವಾಗಬೇಕಿತ್ತು. ಆದರೆ ಆ ನಾಲ್ಕು ದಿನವೂ ಮನೆಯ ಗಂಜಿ ಸಪ್ಪೆಯೆನಿಸಿ ಮುದ್ದೆ ನೆನಪಾಗುತ್ತಿತ್ತು. ಒಂದು ಸಂಜೆ ನಿಜವಾದ ಮಳೆ ಹುಯ್ದಾಗ, ಹುಳು ಎಲೆ ಮೇಯುತ್ತಿವೆ ಎಂದುಕೊಂಡೆ.

ಹೊರಡುವಾಗ ಅವ್ವ ಬಾಗಿಲಿಗೆ ಬಂದಳು. "ಆಕಿನೂ ಇಲ್ಲೇ ನಿಂತು ದಸರಾಕ್ಕ ಬರ್ತೀನಿ ಅಂದಿದ್ಲು. ನೀ ಹಂಗ ಅನಬ್ಯಾಡ." ನಾನು ಅವಳನ್ನು ತಬ್ಬಿಕೊಂಡು ಹೊರಟೆ.

ಮರುದಿನ ಮಧ್ಯಾಹ್ನ ಕೆಂಚಾರ್ಲಹಳ್ಳಿಯಲ್ಲಿ ಇಳಿದರೆ, ಅಂಗಡಿಯ ನೆರಳಿನಲ್ಲಿ ಅದೇ ಅಜ್ಜಿ. ನನ್ನ ಹೆಸರು, ಕೆಲಸ, ಊರು ಎಲ್ಲ ಈಗ ಅವರಿಗೆ ಗೊತ್ತು. ಆದರೂ ಕೈಜೋಡಿಸಿ ಕೇಳಿದರು: "ಮಳ್ಳೀ ವಚ್ಚಿನಾವಾ ತಲ್ಲೀ?"

"ವಚ್ಚಿನಾನವ್ವಾ," ಎಂದೆ. ಬಂದೆನವ್ವಾ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದವಳು ನಾನೇ ಹೌದೋ ಅಲ್ಲವೋ ಎಂದು ಬಿಸಿಲಿನಲ್ಲಿ ನಿಂತು ನನ್ನ ಪಾದಗಳನ್ನು ನೋಡಿಕೊಂಡೆ.