ಬೆಂಡಿನ ಅಂಗಿಗೆ ಹಾಕಿದ ಗಂಟು

ನನ್ನ ಗಂಡ ಎಡ್ವಿನ್‌ಗೆ ಅಚ್ಚುಕಟ್ಟಿನ ಹುಚ್ಚು. 'ಲೆನಾರ್ಟನ್' ಹಡಗಿನಲ್ಲಿ ಹನ್ನೆರಡು ವರ್ಷ ಪ್ರಯಾಣಿಕರಿಗೆ ಹಾಸಿಗೆ ಹಾಸಿ, ಚಹಾ ಕೊಟ್ಟು ಬದುಕಿದವರು. ಮನೆಗೆ ಬಂದರೆ ನನ್ನ ಚಮಚಗಳನ್ನೂ ಸಾಲಾಗಿ ಜೋಡಿಸುವರು. "ರೀ, ಇದು ಬೂಟ್ಲ್ ಊರಿನ ನಮ್ಮ ಅಡುಗೆಮನೆ, ನಿಮ್ಮ ಹಡಗಲ್ಲ" ಅಂತ ರೇಗುತ್ತಿದ್ದೆ.

ಸಾವಿರದ ಒಂಬೈನೂರ ಹದಿನೈದನೇ ಇಸವಿಯಲ್ಲಿ ಸರ್ಕಾರ ಆ ಹಡಗನ್ನು ಯುದ್ಧಕ್ಕೆ ತೆಗೆದುಕೊಂಡಿತು. ಕೆಳಗೆ ಸರಕಿನ ಉಣ್ಣೆ ತುಂಬುತ್ತಿದ್ದ ಜಾಗದಲ್ಲಿ ಹಲಗೆ ಮಂಚ ಹೊಡೆದು ಸಾವಿರದಿನ್ನೂರು ಸಿಪಾಯಿಗಳನ್ನು ತುಂಬಿದರು. ಹೊರಗೆ ಬೂದಿ ಬಣ್ಣ ಬಳಿದರು. ಇವರ ಸ್ವಭಾವ ಮಾತ್ರ ಹಾಗೇ ಇತ್ತು.

ನೀರಿಗೆ ಬಿದ್ದವರನ್ನು ತೇಲಿಸುವ ಬೆಂಡಿನ ಅಂಗಿಗಳನ್ನು ಸಿಪಾಯಿಗಳು ತಲೆದಿಂಬು ಮಾಡಿಕೊಳ್ಳುತ್ತಿದ್ದರಂತೆ. ಇವರಿಗೆ ಮೈಯೆಲ್ಲ ಉರಿ. ಎಲ್ಲ ಕಿತ್ತುಕೊಂಡು, ಗೋಡೆಯ ಕಂಬಿಗೆ ಸಾಲಾಗಿ, ಹಡಗಿನವರ ಗಂಟು ಹಾಕಿ ಬಿಗಿದರು. ವೇಲ್ಸ್‌ನ ಎಮ್ರಿಸ್ ಪ್ರೋಬರ್ಟ್ ಎಂಬ ಸಿಪಾಯಿ ದಿನಾ ಕಾಡುತ್ತಿದ್ದ.

"ಒಂದು ಬಿಡಿ ಯಜಮಾನ್ರೆ, ಕತ್ತು ನೋಯ್ತದೆ."

"ಇದೇನು ನಿಮ್ಮಪ್ಪನ ಕುರಿಹಟ್ಟೀನಾ? ಹೋಗಿ ಕಂಬಳಿ ಮಡಚು, ಹೋಗು."

ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ಬೆಳಿಗ್ಗೆ ಶತ್ರುಗಳ ಟಾರ್ಪೆಡೊ ಹಡಗಿಗೆ ಬಡಿಯಿತು. ಕೆಳಗೆ ಸಿಪಾಯಿಗಳು, ಹಳ್ಳಿಯ ಹೈಕಳು, ಬಿಚ್ಚೋದು ಗೊತ್ತಿಲ್ಲದೆ ಆ ಗಂಟುಗಳ ಜೊತೆ ಗುದ್ದಾಡುತ್ತಿದ್ದರು. ಇವರು ಒಂದೊಂದೇ ಬಿಚ್ಚುತ್ತಾ ಬಂದರು. ಎಮ್ರಿಸ್‌ನ ಸಾಲು ಮುಟ್ಟುವಷ್ಟರಲ್ಲಿ ನೀರು ನುಗ್ಗಿತು. ಇವರನ್ನು ಯಾರೋ ಮೇಲಕ್ಕೆ ಎಳೆದುಕೊಂಡರು. ಅವನು ಬರಲಿಲ್ಲ.

ಆರು ತಿಂಗಳು ಇವರಿಗೆ ಅನ್ನ ನೀರು ಸೇರಲಿಲ್ಲ. "ನನ್ನ ಗಂಟಿನಿಂದಲೇ ಹೋದ ಅಂತ ಅವನ ತಾಯಿ ಮುಂದೆ ಹೇಳಿಬಿಡ್ಬೇಕು ಕಣೆ, ಇಲ್ಲದಿದ್ರೆ ನಾನು ಮನುಷ್ಯನೇ ಅಲ್ಲ" ಅಂದರು. ನಾನೇ ಕೋಟು ಇಸ್ತ್ರಿ ಮಾಡಿ ವೇಲ್ಸ್‌ನ ರೈಲು ಹತ್ತಿಸಿದೆ.

ಇವರು ಹೆಸರು ಹೇಳಿದ್ದೇ ತಡ, ಮುಂದಿನ ಮಾತು ಆಡುವ ಮೊದಲೇ ಆ ತಾಯಿ ಮಗನ ಕಡೆಯ ಕಾಗದ ತೆಗೆದು ಓದಿದರಂತೆ. "ಅಮ್ಮಾ, ಇಲ್ಲಿ ಎಡ್ವಿನ್ ಅಂತ ಒಬ್ಬ ಯಜಮಾನ್ರು ಥೇಟ್ ನಿನ್ನ ಹಾಗೇ ಬೈತಾರೆ. ಮನೆ ಬಿಟ್ಟು ಬಂದಿದೀನಿ ಅಂತಲೇ ಅನ್ನಿಸಲ್ಲ." ಓದಿ, ಇವರ ಎರಡೂ ಕೈ ಹಿಡಿದು, "ನೀವಿದ್ರಲ್ಲ ಅಪ್ಪಾ, ಅಷ್ಟು ಸಾಕು" ಅಂದರಂತೆ.

ಗಂಟಿನ ವಿಷಯ ಇವರು ಹೇಳಲೇ ಇಲ್ಲ. ಚಹಾ ಕುಡಿದು, ಆಕೆ ಕೊಟ್ಟ ಬ್ರೆಡ್ಡು ಬೆಣ್ಣೆ ತಿಂದು ವಾಪಸ್ ಬಂದರು. "ಥೂ, ಹೇಡಿ" ಅಂದುಬಿಟ್ಟೆ. ಯಾಕಾದರೂ ಅಂದೆನೋ, ಆ ಮಾತು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಆಕೆ ಇವರಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದರು. ಹದಿನಾಲ್ಕು ವರ್ಷ. ಒಂದನ್ನೂ ಇವರು ಹಾಕಲಿಲ್ಲ, ಬೇರೆಯವರಿಗೆ ಕೊಡಲೂ ಬಿಡಲಿಲ್ಲ. ಹೋದ ವಸಂತದಲ್ಲಿ ಇವರು ತೀರಿಕೊಂಡರು. ಈ ಕ್ರಿಸ್‌ಮಸ್‌ಗೂ ಒಂದು ಜೊತೆ ಬಂತು. ಇವರಿಲ್ಲ ಅಂತ ಆಕೆಗೆ ಬರೆಯೋಕೆ ನನಗೂ ಧೈರ್ಯ ಬಂದಿಲ್ಲ.